ಬಂಡೆ ಹತ್ತಲು ಯಾರಪ್ಪಣೆ?

ಬೆಟ್ಟಗಳ ಜೊತೆ ಅಗಸ್ತ್ಯರಷ್ಟು ಸಲೀಸಾಗಿ ವ್ಯವಹಾರ ಮುಗಿಸಿದವರು ಇನ್ನೊಬ್ಬರಿಲ್ಲ. ವಿಂಧ್ಯ ಅಡ್ಡ ಬಂತು. ಹಗ್ಗವಿಲ್ಲ, ಹೆಲ್ಮೆಟ್ಟಿಲ್ಲ, ನಾನು ಬರುವ ತನಕ ಬಗ್ಗಿರಪ್ಪಾ ಅಂದರು, ದಾಟಿದರು, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಬಾದಾಮಿಯಲ್ಲಿ ಅವರ ಹೆಸರಿನದೇ ತೀರ್ಥವಿದೆ. ಅದರ ಮೇಲೆ ಸೆಟೆದು ನಿಂತ ಕೆಂಪು ಮರಳುಗಲ್ಲಿನ ಬಂಡೆಗಳು ಮಾತ್ರ ಯಾರಿಗೂ ಬಗ್ಗುವ ಪೈಕಿ ಅಲ್ಲ.

ಹಾಗಾಗಿ ಹತ್ತುವವರು ಬರುತ್ತಾರೆ. ಚಳಿಗಾಲವಾದರೆ ವಿದೇಶದಿಂದಲೂ. ನನ್ನ ಅಕ್ಕನ ಮಗನಿಗೂ ಈ ಚಟ. ಬೆರಳಿಗೆ ಬಿಳಿ ಪುಡಿ ಬಳಿದುಕೊಂಡು, ಬಂಡೆಗೆ ಮೊದಲೇ ಕೂರಿಸಿದ ಬೋಲ್ಟುಗಳಿಗೆ ಹಗ್ಗ ಸಿಕ್ಕಿಸುತ್ತ ಏರುತ್ತಾನೆ. ಕೆಳಗೆ ಹಗ್ಗ ಹಿಡಿದು ನಿಲ್ಲಲು ಒಮ್ಮೆ ನನ್ನ ಹೆಸರೂ ಪರಿಶೀಲನೆಗೆ ಬಂದಿತ್ತು, ತೂಕವೊಂದೇ ಅರ್ಹತೆಯ ಮೇಲೆ. ನನ್ನ ಮಧ್ಯಾಹ್ನದ ನಿದ್ದೆಯ ಖ್ಯಾತಿ ಅಡ್ಡ ಬಂತು.

ಇಲ್ಲಿನ ಕಡುಕಷ್ಟದ ಮಾರ್ಗಗಳಲ್ಲೊಂದರ ಹೆಸರು ‘ಗಣೇಶ’, ದರ್ಜೆ 8ಬಿ+. ನೆಲದಲ್ಲಿ ನಿಂತು ನೋಡಿದರೂ ಕತ್ತು ಉಳುಕುವ ದರ್ಜೆ ಎಂದಿಟ್ಟುಕೊಳ್ಳಿ. ವಿಘ್ನ ನಿವಾರಿಸಬೇಕಾದವನೇ ವಿಘ್ನವಾಗಿದ್ದಾನೆ. 642ರಲ್ಲಿ ಪಲ್ಲವರು ಈ ಊರನ್ನು ಗೆದ್ದು ಗಣಪತಿಯನ್ನು ಹೊತ್ತೊಯ್ದರು, ದೀಕ್ಷಿತರು ಹಾಡಿದ ವಾತಾಪಿ ಗಣಪತಿ ಅವನೇ ಎಂಬ ಪ್ರತೀತಿ ಉಂಟಲ್ಲ. ಮೂರ್ತಿ ಹೋದರೂ ಹೆಸರು ಬಂಡೆಗೆ ವಾಪಸಾಯಿತು.

ಆದರೆ ಗುಹೆ, ಗುಡಿ, ಶಾಸನಗಳಿರುವಲ್ಲಿ ಪುರಾತತ್ವ ಇಲಾಖೆಯ ಫಲಕ. 1958ರ ಕಾಯ್ದೆ, 2010ರಲ್ಲಿ ಹಲ್ಲು ಮಸೆದುಕೊಂಡದ್ದು: ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಸೆರೆ, ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. (ಚಿತ್ರದುರ್ಗದಲ್ಲಿ ಓಬವ್ವ ಇಷ್ಟು ಬರವಣಿಗೆ ಇಟ್ಟುಕೊಂಡಿರಲಿಲ್ಲ, ಕಿಂಡಿಯಲ್ಲಿ ತಲೆ ಕಂಡರೆ ಒನಕೆ.) ಫಲಕದ ಬಳಿಯ ಬಂಡೆ ಹತ್ತಲು ಹೋದ ಅಳಿಯ, ತಡೆದ ಕಾವಲುಗಾರನೊಂದಿಗೆ ವಾದಕ್ಕಿಳಿದ. ಒಂದನೇ ಪುಲಕೇಶಿ ಕೋಟೆ ಕಟ್ಟಿದ ಸುದ್ದಿಯನ್ನು 543ರಲ್ಲಿ ಬಂಡೆಗೇ ಕೊರೆಸಲಿಲ್ಲವೆ? ಗೆದ್ದ ಪಲ್ಲವನೂ ಕೊರೆಸಲಿಲ್ಲವೆ? ಕಪ್ಪೆ ಅರಭಟ್ಟನ ತ್ರಿಪದಿ ಇರುವುದೂ ಬಂಡೆಯ ಮೇಲೇ ಅಲ್ಲವೆ? ಅವರಿಗೆ ಯಾರ ಅಪ್ಪಣೆಯಿತ್ತು?

‘ನೀವೂ ಅವ್ರ ಕೂಡ ಬಂದಿದ್ರ ಬಿಡ್ತಿದ್ದೆ. ತಡಾ ಮಾಡಿದ್ರಿ.’

ನಾನು ಕಾವಲುಗಾರನ ಪಕ್ಷ. ತ್ರಿಪದಿಯ ಪಕ್ಕದಲ್ಲೊಂದು ಬೋಲ್ಟು ಹೊಳೆಯುವುದನ್ನು ಊಹಿಸಿದರೇ ನನಗೆ ಹೊಟ್ಟೆ ಉರಿಯುತ್ತದೆ. ಹತ್ತುವ ಜನ ನಿಯಮ ಪಾಲಿಸುವುದಿಲ್ಲವೆಂದಲ್ಲ. ಮಳೆ ನೆನೆದ ಮರಳುಗಲ್ಲು ದುರ್ಬಲ, ಹಿಡಿದ ಚಕ್ಕೆಯೇ ಕಿತ್ತು ಕೈಗೆ ಬರುತ್ತದೆ. ಹಾಗಾಗಿ ಬಂಡೆ ಒಣಗುವ ತನಕ ಅಳಿಯ ತಾನಾಗಿಯೇ ಚಹಾದಂಗಡಿಯಲ್ಲಿ ಕಾಯುತ್ತಾನೆ, ಯಾವ ಫಲಕವನ್ನೂ ಓದದೆ. ಅಲ್ಲಿ ನಿಯಮ ಜಾರಿಗೊಳಿಸುವುದು ಗುರುತ್ವಾಕರ್ಷಣೆ. ಅದು ನೋಟಿಸು ಕೊಡುವುದಿಲ್ಲ.

ಗೊಣಗುತ್ತ ಅಳಿಯ ಹಗ್ಗ ಸುತ್ತಿಕೊಂಡು ಬೇರೆ ಬಂಡೆಯತ್ತ ನಡೆದ. ಕಾವಲುಗಾರ ಮೆಟ್ಟಿಲ ಮೇಲೆ ಕೂತಿದ್ದ ನನ್ನ ಕಡೆ ತಿರುಗಿದ.

‘ನೀವೂ ಹತ್ತವರೇನ್ರೀ?’

ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಕಣ್ಣು ನನ್ನ ಹೊಟ್ಟೆಯವರೆಗೆ ಇಳಿದಿತ್ತು. ‘ಇಲ್ಲ ಬಿಡ್ರಿ’ ಎಂದು ತಾನೇ ತೀರ್ಪು ಕೊಟ್ಟು, ಕಾಯ್ದೆಯ ಒಂದಕ್ಷರವನ್ನೂ ನನಗೆ ಹೇಳದೆ ಹೊರಟುಹೋದ.