ಕೊರಳಿನ ಚಿಟ್ಟೆ

ಬಿರುದುಗಳಲ್ಲಿ ಕೆಲವು ಅರಮನೆಯಿಂದ ಬರುವುವು, ಕೆಲವು ವಿಶ್ವವಿದ್ಯಾನಿಲಯದಿಂದ. ನನಗೆ ಬಂದುದು ಅಡುಗೆಮನೆಯಿಂದ. 'ಸೋಮಾರಿ' ಎಂಬ ಆ ಬಿರುದನ್ನು ನನ್ನ ಎಂಟನೆಯ ವಯಸ್ಸಿನಲ್ಲಿ ತಾಯಿ ದಯಪಾಲಿಸಿದಳು. ವಿವಾಹವಾದ ಮೇಲೆ ನನ್ನಾಕೆ ಅದನ್ನು ಯಾವ ತಿದ್ದುಪಡಿಯೂ ಇಲ್ಲದೆ ಊರ್ಜಿತಗೊಳಿಸಿದಳು. ಶಿಡ್ಲಘಟ್ಟದಲ್ಲಿ 31 ವರ್ಷ ಹುಡುಗರಿಗೆ ಕನ್ನಡ ಕಲಿಸಿ ನಿವೃತ್ತನಾದ ಮೇಲಂತೂ, ಸರ್ಕಾರದ ಪಿಂಚಣಿಯಂತೆ ಅದೂ ತಿಂಗಳು ತಿಂಗಳೂ ತಪ್ಪದೆ ಸಲ್ಲುತ್ತ ಬಂದಿತು. ಹೀಗಿರಲಾಗಿ, ಪುಷ್ಯಮಾಸದ ಒಂದು ಭಾನುವಾರ ಮಧ್ಯಾಹ್ನ, ಪತ್ರಿಕೆಯ ಪುರವಣಿಯಲ್ಲಿ ಆರೋಗ್ಯದ ಅಂಕಣವನ್ನು ಮಲಗಿಕೊಂಡೇ ಓದುತ್ತಿದ್ದವನಿಗೆ, ನನ್ನ ಬಾಳಿನ ಸಮಸ್ತ ಅಪರಾಧಗಳ ಹೊಣೆಯನ್ನು ಹೊರಬಲ್ಲ ಒಂದು ಅಂಗವು ನನ್ನ ಕೊರಳಿನಲ್ಲಿಯೇ ಇದೆಯೆಂಬ ಸತ್ಯ ಗೋಚರಿಸಿದಾಗ, ಸುಳ್ಳು ಮೊಕದ್ದಮೆಯಲ್ಲಿ ಬಹುಕಾಲ ಸೆರೆಯಲ್ಲಿದ್ದವನ ಕೈಗೆ ಬಿಡುಗಡೆಯ ಹುಕುಂ ಬಂದಂತಹ ಆನಂದವಾಯಿತು.

ಆ ಅಂಗದ ಹೆಸರು ಥೈರಾಯ್ಡ್. ಗಂಟಲಿನ ಮುಂಭಾಗದಲ್ಲಿ ರೆಕ್ಕೆ ಹರಡಿದ ಚಿಟ್ಟೆಯ ಆಕಾರದಲ್ಲಿ ಕುಳಿತು, ಸುಮಾರು 20 ಗ್ರಾಂ ತೂಗುತ್ತ, ದೇಹವೆಂಬ ಒಲೆಯ ಉರಿಯನ್ನು ಏರಿಸುವುದೂ ಇಳಿಸುವುದೂ ಅದರ ಕಾರ್ಯವಂತೆ. ಅದು ಮಂದವಾದರೆ ಸದಾ ಆಯಾಸ, ಮೈಭಾರ, ಮರೆವು, ಮಲಬದ್ಧತೆ, ಒಣಗಿದ ಚರ್ಮ, ದಪ್ಪಗಾದ ದನಿ, ಕೂದಲುದುರುವಿಕೆ, ಲೋಕಕ್ಕೆಲ್ಲ ಸೆಕೆಯಾದಾಗ ತನಗೆ ಮಾತ್ರ ಚಳಿ. ನಾನು ಒಂದೊಂದನ್ನೇ ಬೆರಳು ಮಡಿಸಿ ಲೆಕ್ಕ ಹಾಕಿದೆ. ಮೊದಲ ಐದು ನಿಸ್ಸಂದೇಹವಾಗಿ ನನ್ನವು. ದನಿ, 31 ವರ್ಷ ತರಗತಿಯಲ್ಲಿ ಕೂಗಿದವನದು ಹೇಗಿರಬೇಕೋ ಹಾಗೆಯೇ ಇತ್ತು. ಕೂದಲಿನ ವಿಷಯದಲ್ಲಿ ಹೊಸದಾಗಿ ಉದುರಲು ಏನೂ ಉಳಿದಿರಲಿಲ್ಲವಾದುದರಿಂದ ಆ ಪ್ರಶ್ನೆಯನ್ನು ಕೈಬಿಟ್ಟೆ. ಇನ್ನು ಚಳಿಯ ಮಾತು. ಚೈತ್ರ ವೈಶಾಖಗಳಲ್ಲಿಯೂ ನನ್ನಾಕೆ ಸ್ವೆಟರು ತೊಟ್ಟುಕೊಂಡು ನಾನು ಹಾಕಿದ ಫ್ಯಾನನ್ನು ಆರಿಸುತ್ತಲೇ ಇದ್ದುದರಿಂದ, ನನಗೆ ಚಳಿಯಾಗುವುದೋ ಇಲ್ಲವೋ ಎಂಬುದನ್ನು ಪರೀಕ್ಷಿಸುವ ಅವಕಾಶವೇ ನನಗೆ ದೊರೆತಿರಲಿಲ್ಲ. ಅಂಕಣದ ಕೊನೆಯ ಪ್ಯಾರಾ ಇನ್ನೂ ಉಳಿದಿತ್ತು; ಅಷ್ಟರಲ್ಲಿ ನಿದ್ರೆ ಬಂದಿತು. ಅತಿನಿದ್ರೆಯೂ ಲಕ್ಷಣವೇ ಎಂದುಕೊಂಡು ನೆಮ್ಮದಿಯಿಂದ ಮಲಗಿದೆ.

ಎದ್ದ ಮೇಲೆ ಸಂಗತಿಯನ್ನು ನನ್ನಾಕೆಗೆ ಅರುಹಿದೆ. ಹಿತ್ತಿಲ ಬಾಗಿಲಲ್ಲಿ ಕುಳಿತು ಹಿತಕಿದ ಬೇಳೆಯ ಸಾರಿಗೆಂದು ಅವರೆಕಾಳು ಹಿತುಕುತ್ತಿದ್ದವಳು, ಈಚೆಗೆ ಏಕೋ ನೆಗಡಿಯಾದವರಂತೆ ದಪ್ಪಗಾಗಿದ್ದ ತನ್ನ ದನಿಯಲ್ಲಿ, "ಹಂಗಾದ್ರೆ ನಮ್ಮ ಬೀದಿಯವ್ರಿಗೆಲ್ಲಾ ಅದೇ ರೋಗ ಬಿಡಿ" ಎಂದು ಹೇಳಿ, ಮತ್ತೊಂದು ಹಿಡಿ ಕಾಳನ್ನು ಮುಂದಕ್ಕೆಳೆದುಕೊಂಡಳು.

ರೋಗಕ್ಕೆ ಹೆಸರು ದೊರೆತ ಮೇಲೆ ಅದನ್ನು ಊರಿಗೆ ನಿವೇದಿಸುವುದು ರೋಗಿಯ ಕರ್ತವ್ಯ. ನಮ್ಮ ಶಿಡ್ಲಘಟ್ಟ ರೇಷ್ಮೆಯ ಊರು. ಗೂಡು ಬೇಯಿಸುವ ವಾಸನೆಯನ್ನು ಹೊರಗಿನವರು ಮೂಗು ಮುಚ್ಚಿಕೊಂಡು ಸಹಿಸುವರು; ನಾವು ಅದರಿಂದಲೇ ದಿಕ್ಕನ್ನು ತಿಳಿಯುವೆವು. ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿಸಿ, ಟವೆಲಿನಿಂದ ಬೆವರೊರೆಸುತ್ತ ಟೀ ಅಂಗಡಿಗೆ ಬಂದ ನನ್ನ ಹಳೆಯ ಶಿಷ್ಯನೊಬ್ಬ, ನನ್ನ ವೃತ್ತಾಂತವನ್ನು ಆದ್ಯಂತವಾಗಿ ಕೇಳಿ, ಒಂದೇ ಮಾತಿನಲ್ಲಿ ರೋಗನಿರ್ಣಯ ಮಾಡಿದ: "ಮೇಷ್ಟ್ರೇ, ನೀವು ಜ್ವರಕ್ಕೆ ಕೂತಿದೀರಿ."

ರೇಷ್ಮೆ ಸೀಮೆಯ ಪರಿಚಯವಿಲ್ಲದವರಿಗೆ ಈ ಮಾತನ್ನು ವಿವರಿಸಬೇಕು. ರೇಷ್ಮೆಹುಳು ತನ್ನ 25 ದಿನಗಳ ಆಸುಪಾಸಿನ ಹುಳುಜೀವನದಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯನ್ನು ಮೇಲಕ್ಕೆತ್ತಿ, ಸುಮಾರು ಒಂದು ದಿನ ಯೋಗಿಯಂತೆ ನಿಶ್ಚಲವಾಗಿ ಕುಳಿತು, ಆಮೇಲೆ ಹಳೆಯ ಚರ್ಮವನ್ನು ಕಳಚಿ ಏಳುತ್ತದೆ. ನಮ್ಮ ರೈತರು ಇದನ್ನೇ ಜ್ವರವೆನ್ನುವರು: ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಉಪಮೆ ಮನೋಹರವಾಗಿದ್ದುದರಿಂದ ನಾನು ತಲೆದೂಗಿದೆ. ಆದರೆ ಶಿಷ್ಯ ಗುರುವನ್ನು ಮೀರಿಸಬೇಕೆಂಬ ಸುಭಾಷಿತವನ್ನು ನಾನೇ ಅವನಿಗೆ ಕಲಿಸಿದ್ದೆನಾಗಿ, ಅವನು ಅಲ್ಲಿಗೆ ಬಿಡದೆ, "ಒಂದೇ ತೊಂದ್ರೆ ಮೇಷ್ಟ್ರೇ, ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟಲ್ಲ. ನೀವು ನಾಲ್ಕ್ನೇ ಜ್ವರ ಎದ್ದ ಹುಳದ ಥರಾ ತಿಂತೀರಿ, ಒಂದನೇ ಜ್ವರದ ಹುಳದ ಥರಾ ಕೂತಿರ್ತೀರಿ" ಎಂದುಬಿಟ್ಟ. ತನ್ನ ಆಯುಷ್ಯದ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚಿನ ಪಾಲನ್ನು ಹುಳು ತಿನ್ನುವುದು ಆ ನಾಲ್ಕನೆಯ ಜ್ವರದ ಅನಂತರವೇ.

ಅವಮಾನವನ್ನು ವಿದ್ಯೆಯಿಂದ ಮರೆಯುವುದು ಮೇಷ್ಟರ ಅಭ್ಯಾಸ. ಆ ರಾತ್ರಿ ಪುಸ್ತಕ ತೆರೆದು ನೋಡಿದರೆ, ಹುಳುವಿಗೂ ಗ್ರಂಥಿಯೇ ದೊರೆ! ಹುಳುವಿನ ಮಿದುಳು ಒಂದು ರಸದ ಮೂಲಕ ಎದೆಯ ಗ್ರಂಥಿಗೆ ಆಜ್ಞೆ ಕಳುಹಿಸುತ್ತದೆ. ಆ ಗ್ರಂಥಿ ಮತ್ತೊಂದು ರಸವನ್ನು ಸ್ರವಿಸಿದ ಮೇಲೆಯೇ ಹುಳು ಪೊರೆ ಬಿಡುವುದು. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್ಸನ್ ಎಂಬ ವಿಜ್ಞಾನಿಗಳು ಗೂಡಿನೊಳಗಿನ ಹುಳುಗಳನ್ನು 500 ಕಿಲೋಗಳಷ್ಟು ತರಿಸಿ ಅರೆದು ಸೋಸಿ ಆ ರಸವನ್ನು ಹರಳುಗಟ್ಟಿಸಿದಾಗ ದೊರೆತದ್ದು 25 ಮಿಲಿಗ್ರಾಂ. ಐನೂರು ಕಿಲೋ ಜೀವರಾಶಿಯನ್ನು ಆಳುವುದಕ್ಕೆ ಅಷ್ಟೇ ಸಾಕು. ಹೀಗಿರುವಲ್ಲಿ ನನ್ನೊಬ್ಬನ 82 ಕಿಲೋ ದೇಹವು ಕೆಲಸ ಮಾಡದೆ ಕುಳಿತಿದ್ದರೆ ಅದರ ಹೊಣೆ ಎಷ್ಟು ಸೂಕ್ಷ್ಮವಾದ ವಸ್ತುವಿನ ಅಭಾವದ ಮೇಲಿರಬೇಡ! ಇದನ್ನು ನನ್ನಾಕೆಗೆ ಓದಿ ಹೇಳಬೇಕೆಂದು ತಿರುಗಿದೆ. ಎಂದೂ ಹತ್ತಕ್ಕೆ ಮುಂಚೆ ಮಲಗದವಳು ಎಂಟೂವರೆಗೇ ಕಂಬಳಿ ಹೊದ್ದು ನಿದ್ರಿಸಿದ್ದಳು. ವಿಜ್ಞಾನದಲ್ಲಿ ಆಕೆಗೆ ಆಸಕ್ತಿ ಕಡಿಮೆ.

ಸಂಕ್ರಾಂತಿಯ ಎಳ್ಳು ಬೀರಲು ಚಿಂತಾಮಣಿಯ ಭಾವಮೈದನ ಮನೆಗೆ ಹೋದೆವು. ಅವನದು ಕಿರಾಣಿ ಅಂಗಡಿ. ಆದುದರಿಂದ ಲೋಕದ ವ್ಯಾಧಿಗಳೆಲ್ಲ ದಿನಸಿಯಿಂದಲೇ ಹುಟ್ಟುವುವೆಂಬುದು ಅವನ ಸಿದ್ಧಾಂತ. "ಭಾವ, ಯಾವ ಉಪ್ಪು ತಿಂತೀರಿ?" ಎಂದು ಮೊದಲನೆಯ ಪ್ರಶ್ನೆಯನ್ನೇ ಮರ್ಮಕ್ಕೆ ಎಸೆದ. ನಮ್ಮ ಮನೆಯಲ್ಲಿ ಉಪ್ಸಾರಿಗೂ ಉಪ್ಪಿನಕಾಯಿಗೂ ಕಲ್ಲುಪ್ಪೇ. ಅಲ್ಲಿಂದ ಅವನ ಉಪನ್ಯಾಸ ಮೊದಲಾಯಿತು: ಅಯೋಡಿನ್ ಇಲ್ಲದೆ ಈ ಗ್ರಂಥಿ ರಸವನ್ನು ತಯಾರಿಸಲಾರದು, ಹಿಮಾಲಯದ ತಪ್ಪಲಿನ ಜನ ತಲೆತಲಾಂತರದಿಂದ ಗಳಗಂಡವನ್ನು ಹೊತ್ತು ತಿರುಗಿದ್ದು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಅದು ಇಲ್ಲದೆಯೇ, ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರು ಉಪ್ಪಿಗೆ ಅಯೋಡಿನ್ ಬೆರೆಸಿ ಹಂಚಿ ಅದನ್ನು ರುಜುವಾತುಪಡಿಸಿ ತೋರಿಸಿದರು; ಸರ್ಕಾರ 1962ರಲ್ಲಿಯೇ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಅವನು ಹೇಳಿದುದೆಲ್ಲ ನಿಜವೇ. ಆದರೆ ಉಪನ್ಯಾಸದ ಅಂತ್ಯದಲ್ಲಿ ನಮ್ಮ ಚೀಲದೊಳಗೆ ಹನ್ನೆರಡು ಪೊಟ್ಟಣ ಪುಡಿಯುಪ್ಪು ಸೇರಿ, ಅದರ ಹಣವನ್ನು ನಾನು ಎಣಿಸಿಕೊಟ್ಟೆನೆಂಬುದೂ ಅಷ್ಟೇ ನಿಜ. ಎಲೆಕೋಸು, ಹೂಕೋಸು, ಮೂಲಂಗಿಗಳಿಗೆ ನಿಷೇಧವೂ ಆಯಿತು. ಬೇಯಿಸಿ ಮಿತವಾಗಿ ತಿಂದರೆ ಅವುಗಳಿಂದ ಅಪಾಯವಿಲ್ಲವೆಂದು ಅನಂತರ ವೈದ್ಯರಿಂದ ತಿಳಿಯುವ ವೇಳೆಗೆ, ಚಳಿಗಾಲದ ಎಳೆ ಮೂಲಂಗಿಯ ಹುಳಿ ನನ್ನ ಬಾಳಿನಿಂದ ಒಂದು ಋತುವಿನಷ್ಟು ದೂರ ಸರಿದಿತ್ತು.

ಕೊರಳಿನ ಪರೀಕ್ಷೆಯೂ ಅಲ್ಲಿಯೇ ನಡೆಯಿತು. ಕನ್ನಡಿಯ ಮುಂದೆ ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ ನೀರು ನುಂಗುವಾಗ, ಗಂಟಲ ಬುಡದಲ್ಲಿ ಉಬ್ಬು ಕಂಡರೆ ವೈದ್ಯರಿಗೆ ತೋರಿಸಬೇಕೆಂಬುದು ವಿಧಿ. ನಾನು ಒಂದು ಚೊಂಬು ನೀರನ್ನು ಗುಟುಕು ಗುಟುಕಾಗಿ ನುಂಗುತ್ತಿರಲು, ಮನೆಯ ಹನ್ನೊಂದು ಮಂದಿ ಅರ್ಧಚಂದ್ರಾಕಾರವಾಗಿ ನಿಂತು ನನ್ನ ಕೊರಳನ್ನೇ ದಿಟ್ಟಿಸಿದರು. ನಮ್ಮ ಸೀಮೆಯಲ್ಲಿ ರೋಗವನ್ನು ಕನ್ನಡದಲ್ಲಿ ಹೇಳಿಕೊಂಡರೆ ತೀರ್ಪು ತೆಲುಗಿನಲ್ಲಿ ಬರುವುದು ವಾಡಿಕೆ. ನನ್ನಾಕೆಯ ಸೋದರತ್ತೆ, 86 ದಾಟಿದ ಮುದುಕಿ, ಕನ್ನಡಕವನ್ನು ಏರಿಸಿ ನೋಡಿ, "ಏಮೀ ಲೇದು, ಅಂತಾ ಕೊವ್ವು" ಎಂದಳು. ಕೊಬ್ಬಲ್ಲದೆ ಬೇರೇನೂ ಇಲ್ಲವಂತೆ. ಆಮೇಲೆ ಸೊಸೆಯ ಕಡೆಗೆ ತಿರುಗಿ, "ನೀ ಮೊಹಂ ಎಂದುಕೇ ಅಲಾ ವಾಚಿಂದಿ?" ಎಂದು, ಮುಖವೇಕೆ ಹೀಗೆ ಊದಿದೆಯೆಂದು ಕೇಳಿದಳು. "ಬಸ್ಸಲ್ಲಿ ನಿದ್ದೆ ಹತ್ತಿತ್ತು ಅತ್ತೆ" ಎಂದು ನನ್ನಾಕೆ ಒಳಗೆ ಹೋದಳು. ನನ್ನ ಗಂಟಲ ವಿಚಾರದಿಂದ ಸಭೆಯ ಗಮನ ಬೇರೆಡೆಗೆ ಹೋದುದು ನನಗೆ ಅಷ್ಟಾಗಿ ಹಿಡಿಸಲಿಲ್ಲ.

ಗೌರಿಬಿದನೂರಿನ ತಂಗಿಯ ಮನೆಯಲ್ಲಿ ನನಗೆ ಇಷ್ಟು ಸಹಾನುಭೂತಿಯೂ ದೊರೆಯಲಿಲ್ಲ. ಪ್ರಶ್ನೆ ಮಾಡುವುದನ್ನೇ ವ್ರತವಾಗಿಸಿಕೊಂಡ ಡಾ. ಹೆಚ್. ನರಸಿಂಹಯ್ಯನವರ ಹುಟ್ಟೂರಾದ ಹೊಸೂರು ಆ ತಾಲ್ಲೂಕಿಗೆ ಸೇರಿದ್ದು. ಅಲ್ಲಿಯ ಗಾಳಿಯಲ್ಲಿಯೇ ಸಂದೇಹವಿದೆ. ಇದರ ಮೇಲೆ, ಭೂಮಿಯ ಮತ್ತೊಂದು ಮಗ್ಗುಲಲ್ಲಿ ನೆಲದಡಿಯಲ್ಲಿ ಅಣುಬಾಂಬು ಸಿಡಿದರೂ ಅದರ ಕಂಪನವನ್ನು ಕಿವಿಗೊಟ್ಟು ಕೇಳುವ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳು ಆ ಊರಿನ ಸುತ್ತ 1960ರ ದಶಕದಿಂದಲೂ ಹೂತು ಕುಳಿತಿವೆ. "ಭಾವ, ಲಕ್ಷಣ ಬೇರೆ, ಸಾಕ್ಷಿ ಬೇರೆ. ಸಾವಿರಾರು ಮೈಲಿ ಆಚೆ ನೆಲ ಅಲುಗಿದ್ರೆ ಇಲ್ಲಿ ಗೀಟು ಬೀಳುತ್ತೆ. ನೀವು ಗಲ್ಲದ ಕೆಳಗಿರೋದನ್ನ ಅಂದಾಜಿನ ಮೇಲೆ ಹೇಳ್ತಿದೀರಲ್ಲ, ರಕ್ತ ಕೊಡಿ" ಎಂದು ತಂಗಿಯ ಗಂಡ ಮಾತು ಮುಗಿಸಿದ.

ರಕ್ತವನ್ನು ಕೊಡಲು ಚಿಕ್ಕಬಳ್ಳಾಪುರಕ್ಕೆ ಹೋದೆ. ಬಸ್ಸು ಊರನ್ನು ಸಮೀಪಿಸುವಾಗ ನಂದಿಬೆಟ್ಟದ ಕಡೆ ನೋಡಿದವನಿಗೆ ಒಂದು ಅಳುಕು ಮೂಡಿತು. ಆ ಬೆಟ್ಟದ ಮಗ್ಗುಲಲ್ಲಿಯೇ ಮುದ್ದೇನಹಳ್ಳಿ. ನೂರರ ಅಂಚಿನಲ್ಲಿಯೂ ಒಂದು ನಿಮಿಷವನ್ನು ಪೋಲುಮಾಡದ ವಿಶ್ವೇಶ್ವರಯ್ಯನವರು ಹುಟ್ಟಿದ ತಾಲ್ಲೂಕಿಗೆ, ನನ್ನ ಆಲಸ್ಯಕ್ಕೊಂದು ವೈದ್ಯಕೀಯ ಪ್ರಮಾಣಪತ್ರವನ್ನು ಬೇಡಲು ಹೋಗುತ್ತಿದ್ದೆನಲ್ಲ!

ಬೆರಳುದ್ದದ ಸೀಸೆಯಲ್ಲಿ ರಕ್ತ ತೆಗೆದುಕೊಂಡು ಸಂಜೆಗೆ ಒಂದು ಹಾಳೆ ಕೊಟ್ಟರು. ಅದರಲ್ಲಿ ಟಿ.ಎಸ್.ಹೆಚ್. ಎಂಬುದರ ಎದುರಿಗೆ 6.1 ಎಂದಿತ್ತು. ಸಾಮಾನ್ಯರಿಗೆ ಅದು ಸುಮಾರು 4ರೊಳಗೆ ಇರಬೇಕಂತೆ. ಜನ್ಮದಲ್ಲಿ ಮೊದಲ ಬಾರಿಗೆ ಸಾಮಾನ್ಯರಿಗಿಂತ ಹೆಚ್ಚು ಅಂಕ ಪಡೆದೆನೆಂದು ಹಿಗ್ಗಿದೆ. ಅಂದರೆ ನನ್ನ ಗ್ರಂಥಿ ಅತಿಯಾಗಿ ದುಡಿಯುತ್ತಿದೆಯೇ ಎಂಬ ಭಯವೂ ಆಯಿತು. ವೈದ್ಯೆ ಸಾವಧಾನವಾಗಿ ವಿವರಿಸಿದರು. ಟಿ.ಎಸ್.ಹೆಚ್. ಗ್ರಂಥಿಯ ದುಡಿಮೆಯಲ್ಲ, ಮಿದುಳಿನ ಬುಡದಲ್ಲಿ ಬಟಾಣಿಯಷ್ಟು ಗಾತ್ರದ ಪಿಟ್ಯೂಟರಿ ಅದರ ಮೇಲೆ ಹಾಕುವ ಕೂಗು. ಗ್ರಂಥಿ ಸೋಮಾರಿಯಾದಷ್ಟೂ ಕೂಗು ಜೋರು, ಅಂಕಿ ದೊಡ್ಡದು. ಹೆಡ್ಮಾಸ್ಟರ ಕೋಣೆಯಿಂದ ಹೊರಡುವ ಧ್ವನಿಯ ಪ್ರಮಾಣದಿಂದ ತರಗತಿಯ ಸ್ಥಿತಿಯನ್ನು ಊಹಿಸಿ ಬಲ್ಲ ನನಗೆ ಇದು ಕೂಡಲೆ ಅರ್ಥವಾಯಿತು. ಆದರೆ ಅದೇ ರಕ್ತದಲ್ಲಿ ಗ್ರಂಥಿಯ ರಸ, ಟಿ4 ಎಂಬುದು, ಸರಿಯಾಗಿಯೇ ಇದ್ದುದರಿಂದ ಈಗಲೇ ಮಾತ್ರೆ ಬೇಡವೆಂದೂ, ಇಂತಹ ಸಣ್ಣ ಏರಿಕೆ ಎಷ್ಟೋ ಸಲ ತಾನಾಗಿ ಇಳಿಯುವುದೆಂದೂ, ಎರಡು ಮೂರು ತಿಂಗಳು ಬಿಟ್ಟು ಮತ್ತೆ ಬರಬೇಕೆಂದೂ ಹೇಳಿದರು.

ಆ ಮೂರು ತಿಂಗಳುಗಳನ್ನು ನಾನು ನನ್ನ ಬಾಳಿನ ಸುವರ್ಣಯುಗವೆಂದು ಗಣಿಸುತ್ತೇನೆ. ಪೂರ್ಣ ರೋಗಿಗೆ ಪಥ್ಯವುಂಟು, ಆರೋಗ್ಯವಂತನಿಗೆ ಕೆಲಸವುಂಟು, ಅಂಚಿನಲ್ಲಿ ನಿಂತವನಿಗೆ ಎರಡೂ ಇಲ್ಲ. ತೆಂಗಿನಕಾಯಿ ಸುಲಿಯುವುದು, ಗ್ಯಾಸ್ ಸಿಲಿಂಡರ್ ಬದಲಿಸುವುದು, ಅಟ್ಟದಿಂದ ಪಾತ್ರೆ ಇಳಿಸುವುದು ಎಲ್ಲವೂ 6.1ರ ಪ್ರಭಾವದಿಂದ ನನ್ನಾಕೆಯ ಪಾಲಿಗೆ ಹೋದುವು. ಆಕೆ ಒಂದೊಂದು ಕೆಲಸದ ನಡುವೆಯೂ ಗೋಡೆಗೆ ಒರಗಿ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದುದನ್ನು ಕಂಡು, ಸೋಮಾರಿತನ ಸಾಂಕ್ರಾಮಿಕವಿರಬಹುದೇ ಎಂದು ವಿನೋದವಾಡಿದ್ದೂ ಉಂಟು. ಈಗ ಅದನ್ನು ನೆನೆಯಲು ಇಷ್ಟವಿಲ್ಲ.

ಚೈತ್ರದಲ್ಲಿ ಎರಡನೆಯ ಸಲ ಹೋದಾಗ ಆಕೆಯೂ ಜೊತೆಗೆ ಬಂದಳು, ಸ್ವೆಟರು ತೊಟ್ಟೇ. ದಂಪತಿಗಳು ಒಟ್ಟಿಗೆ ಮಾಡಿಸಿದರೆ ಎರಡನೆಯವರಿಗೆ ಅರ್ಧ ದರವೆಂದು ಪ್ರಯೋಗಾಲಯದ ಹುಡುಗ ಹೇಳಿದ. ಅರ್ಧ ದರವನ್ನು ಬಿಟ್ಟುಕೊಡುವುದು ನಮ್ಮ ವಂಶದಲ್ಲಿಯೇ ಇಲ್ಲ. ಸಂಜೆ ಎರಡು ಹಾಳೆಗಳು ಬಂದುವು. ನನ್ನದು 3.4. ಆಕೆಯದು 38, ಟಿ4 ತೀರ ಕೆಳಗೆ.

ವೈದ್ಯೆ ನನ್ನ ಹಾಳೆಯನ್ನು ಪಕ್ಕಕ್ಕೆ ಸರಿಸಿ ಆಕೆಯನ್ನು ಕೇಳತೊಡಗಿದರು.

"ಚಳಿ ಆಗುತ್ತಾ ಅಮ್ಮಾ?"

"ಆಗುತ್ತೆ."

"ಸುಸ್ತು?"

"ಇರುತ್ತೆ."

"ಕೂದಲು ಉದುರುತ್ತಾ?"

"ಉದುರುತ್ತೆ."

"ಎಷ್ಟು ದಿವಸದಿಂದ?"

"ಮೂರು ವರ್ಷ ಆಯ್ತೇನೋ."

"ಮನೇಲಿ ಹೇಳ್ಲಿಲ್ವಾ?"

ನನ್ನಾಕೆ ನನ್ನ ಕಡೆ ನೋಡಲಿಲ್ಲ. "ಹೇಳೋಣ ಅಂದ್ರೆ, ಇವ್ರಿಗೇ ಹುಷಾರಿರ್ತಿರ್ಲಿಲ್ಲ."

ಮನೆಗೆ ಬಂದು ಆ ಹಳೆಯ ಪುರವಣಿಯನ್ನು ಹುಡುಕಿದೆ. ಅದು ಅಡುಗೆಮನೆಯ ಡಬ್ಬಗಳ ಕೆಳಗೆ ಹಾಸಿತ್ತು. ಅಂದು ನಿದ್ರೆ ಬಂದು ಓದದೆ ಬಿಟ್ಟ ಕೊನೆಯ ಪ್ಯಾರಾದಲ್ಲಿ, ಈ ವ್ಯಾಧಿ ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚೆಂದೂ, ಮನೆಗೆಲಸದ ದಣಿವೆಂದು ಭಾವಿಸಿ ಅವರು ವರ್ಷಗಟ್ಟಲೆ ಸುಮ್ಮನಿರುವರೆಂದೂ ಬರೆದಿತ್ತು. ಆಕೆ ಅದರ ಮೇಲೆಯೇ ಬೇಳೆಯ ಡಬ್ಬವನ್ನು ಇಟ್ಟಿದ್ದಳು.

ಮಾತ್ರೆ 50 ಮೈಕ್ರೊಗ್ರಾಂ. ಅಂದರೆ ಒಂದು ಗ್ರಾಮಿನ 10 ಲಕ್ಷ ಪಾಲುಗಳಲ್ಲಿ 50. ಬೆಳಿಗ್ಗೆ ಬರಿಯ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಒಂದು ಗಂಟೆಯ ಕಾಲ ಕಾಫಿಯನ್ನು ಮುಟ್ಟಬಾರದು. ಕಾಫಿ ಮಾತ್ರೆಯನ್ನು ಮೈಗೆ ಹತ್ತಗೊಡುವುದಿಲ್ಲ. ಸುಣ್ಣದಂಶದ ಮಾತ್ರೆಯನ್ನು ರಾತ್ರಿಗೆ ಹಾಕಬೇಕು. ಆರು ವಾರ ಕಳೆದ ಮೇಲೆ ಮತ್ತೆ ರಕ್ತಪರೀಕ್ಷೆ. ನಲವತ್ತು ವರ್ಷಗಳಿಂದ ಐದೂವರೆಗೆ ಎದ್ದು ಮೊದಲ ಕಾಫಿಯನ್ನು ತಾನೇ ಮಾಡಿ ಕುಡಿದವಳು ಈಗ ಐದೂವರೆಗೆ ಮಾತ್ರೆ ನುಂಗಿ ಮತ್ತೆ ಮಲಗುತ್ತಾಳೆ. ಆರೂವರೆಗೆ ಡಿಕಾಕ್ಷನ್ ಇಳಿಸುವವನು ನಾನು. ಮೊದಲ ವಾರ ಅದು ಬರಿಯ ನೀರಾಗಿತ್ತು. ಈ ವಾರದ್ದನ್ನು ಕುಡಿಯಬಹುದೆಂದು ನಿನ್ನೆ ಹೇಳಿದಳು.