ಜಿಬಿ ಕಾಕಾರ ವಹಿ

‘ರಾತ್ರಿ ಮಲ್ಕೊಳ್ಳಾಗ ಎಂಟ್ ಜಿಬಿ ಇತ್ತು. ಮುಂಜಾನೆ ಎದ್ದು ನೋಡ್ತೀನಿ, ಒಂದೂ ಇಲ್ಲ. ಮನ್ಯಾಗ ಎಲ್ಲರೂ ಮಲ್ಕೊಂಡಿದ್ವಿ, ಬಾಗ್ಲಿಗೆ ಚಿಲಕ ಹಾಕಿತ್ತು. ಹಂಗಾದ್ರ ತಿಂದೋರು ಯಾರು?’

ಮಹಾರಾಷ್ಟ್ರದ ಗಡಿಭಾಗದಲ್ಲಿ, ಉಮರ್ಗಾದ ಬಸ್ ಸ್ಟ್ಯಾಂಡಿನ ಚಾ ಅಂಗಡಿಯಲ್ಲಾಗಲಿ, ನಿಲಂಗಾದ ಪೇಟೆಯಲ್ಲಾಗಲಿ, ಉದಗೀರದ ಧಾನ್ಯಪೇಟೆ ಮೋಂಢಾದ ಅಡತಿ ಕಟ್ಟೆಯ ಮೇಲಾಗಲಿ ಮುಂಜಾನೆ ಈ ಮಾತು ಕಿವಿಗೆ ಬಿತ್ತೆಂದರೆ ಜಿಬಿ ಕಾಕಾ ಬಂದರೆಂದು ತಿಳಿಯಬೇಕು. ಅವರಿಗೆ ತಂದೆ-ತಾಯಿ ಇಟ್ಟ ಹೆಸರೊಂದು ಇದೆ. ಅದು ರೇಷನ್ ಕಾರ್ಡಿನಲ್ಲಿ ಕ್ಷೇಮವಾಗಿದೆ. ಓಣಿಗೊಬ್ಬರಂತೆ ಸಿಗುವ ಈ ಕಾಕಾ ಒಂದು ಊರಲ್ಲಿ ನಿವೃತ್ತ ಮಾಸ್ತರರಾಗಿರುತ್ತಾರೆ, ಇನ್ನೊಂದರಲ್ಲಿ ಎಸ್‌ಟಿ ಬಸ್ಸಿನ ಮಾಜಿ ಕಂಡಕ್ಟರ್, ಮತ್ತೊಂದರಲ್ಲಿ ಅಡತಿ ಅಂಗಡಿಯ ಹಳೇ ಮುನೀಮ. ಮೂವತ್ತು-ಮೂವತ್ತೈದು ವರ್ಷ ಮಂದಿಯ ಲೆಕ್ಕ ನೋಡಿ ಕೈ ಪಳಗಿರುತ್ತದೆ. ಈಗ ನೋಡಲು ಯಾರ ಲೆಕ್ಕವೂ ಉಳಿದಿಲ್ಲ. ಮಾಳಿಗೆಯ ಮೇಲೆ ಕೂತ ಬಿಳಿ ಡಬ್ಬಿಯ ಲೆಕ್ಕ ಮಾತ್ರ ಇದೆ.

ಆ ಡಬ್ಬಿ ಬಂದದ್ದು ಮಗನ ಹಟದಿಂದ. ತಂತಿ ಎಳೆಯುವ ಗೊಡವೆ ಇಲ್ಲ, ಟವರಿನಿಂದ ನೇರ ಮನೆಗೆ ಇಂಟರ್ನೆಟ್. ಏರ್‌ಫೈಬರ್ ಎಂಬ ಹೆಸರಿನಲ್ಲಿ ಏರ್‌ಟೆಲ್ 2023ರ ಆಗಸ್ಟಿನಲ್ಲೂ ಜಿಯೊ ಅದೇ ವರ್ಷ ಸೆಪ್ಟೆಂಬರ್ 19ರ ಗಣೇಶ ಚೌತಿಗೂ ಇಂಥ ಸೇವೆ ಶುರು ಮಾಡಿದವು. ದೊಡ್ಡ ಶಹರಗಳಲ್ಲಿ ಮೊದಲು, ಸಣ್ಣ ಊರುಗಳಿಗೆ ಆಮೇಲೆ. ‘ಅನ್‌ಲಿಮಿಟೆಡ್ ಅಪ್ಪಾ’ ಎಂದ ಮಗ. ಕಾಕಾ ಕಣ್ಣಡಕ ಹಾಕಿಕೊಂಡು ಕೆಳಗಿನ ಸಣ್ಣಕ್ಷರ ಓದಿದರು: ತಿಂಗಳಿಗೆ 1000 ಜಿಬಿ, ಆಮೇಲೆ ‘ಫೇರ್ ಯೂಸೇಜ್’ ಪ್ರಕಾರ ವೇಗ ಕಡಿಮೆ. ‘ಫೇರ್ ಅಂದ್ರ ನ್ಯಾಯ. ಯಾರ ನ್ಯಾಯ ಇದು?’ ಎಂದು ಅಂದೇ ಕೇಳಿದ್ದರು. ಯಾರೂ ಉತ್ತರ ಕೊಡಲಿಲ್ಲ. ಅಂದೇ ಸಂಜೆ ಅವರು ಪೇಟೆಗೆ ಹೋಗಿ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ವಹಿಯೊಂದನ್ನು ತಂದರು.

ವಹಿಯ ಮೊದಲ ಪುಟದ ನೆತ್ತಿಯ ಮೇಲೆ ‘ಶ್ರೀ ಬಸವೇಶ್ವರ ಪ್ರಸನ್ನ’. ಕೆಳಗೆ ಗೆರೆ ಹೊಡೆದು ಐದು ಖಾನೆ: ತಾರೀಖು, ಮುಂಜಾನೆ, ಸಂಜೆ, ಖರ್ಚು, ಸಂಶಯ. ಮೊದಲ ನಾಲ್ಕರಲ್ಲಿ ಬರೀ ಅಂಕಿ. ಕಾಕಾರ ಪ್ರತಿಭೆ ಇರುವುದು ಐದನೆಯದರಲ್ಲಿ.

‘34 ಜಿಬಿ. ಮೊಮ್ಮಗ. ಆಟ.’

‘39 ಜಿಬಿ. ಬಾಜೂ ಮನಿಯವರು. ಪುರಾವೆ ಇಲ್ಲ.’

‘41 ಜಿಬಿ. ಎಲ್ಲರೂ ಜಾತ್ರಿಗೆ ಹೋಗಿದ್ವಿ. ಮನ್ಯಾಗ ಯಾರೂ ಇಲ್ಲ. ಕಂಪನಿ!!’

ಆ ಎರಡು ಆಶ್ಚರ್ಯಸೂಚಕ ಚಿಹ್ನೆಗಳನ್ನು ಕಾಕಾ ಕೆಂಪು ಶಾಯಿಯಲ್ಲಿ ಹಾಕಿದ್ದಾರೆ.

ಕಂಪನಿಯ ಮೇಲಿನ ಈ ಸಂಶಯ ಪಿತ್ತ ಕೆದರಿ ಹುಟ್ಟಿದ್ದಲ್ಲ, ಅದಕ್ಕೊಂದು ಚರಿತ್ರೆಯಿದೆ. 2010ರ ಆಸುಪಾಸು ಕಾಕಾ ಕಂಪ್ಯೂಟರಿಗೆ ಚುಚ್ಚುವ ಡಾಂಗಲ್ ತಂದಿದ್ದರು. ಪ್ಯಾಕ್ ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ, ಬಿಲ್ಲಿಗೆ ಮಾತ್ರ ಗೊತ್ತಾಯಿತು. ಪ್ಯಾಕ್ ಇಲ್ಲದವರಿಗೆ ಆಗಿನ ಸಾಮಾನ್ಯ ದರ 10 ಕೆಬಿಗೆ 10 ಪೈಸೆ. ಕೇಳಲು ಚಿಲ್ಲರೆ. ಕಾಕಾ ಗುಣಿಸಿ ನೋಡಿದರು: ಒಂದು ಜಿಬಿಗೆ 10,485 ರೂಪಾಯಿ. ಆಗ ಆ ದುಡ್ಡಿಗೆ ಅರ್ಧ ತೊಲ ಬಂಗಾರ ಬರುತ್ತಿತ್ತು. ಕೈಯಲ್ಲಿದ್ದ ಮೊಬೈಲಿನ ಕಥೆಯೂ ಬೇರೆಯಲ್ಲ. ಗುಂಡಿ ಅಪ್ಪಿತಪ್ಪಿ ಒತ್ತಿದರೂ ನೆಟ್ ಶುರುವಾಗಿ ಮೇನ್ ಬ್ಯಾಲೆನ್ಸ್ ಕರಗಿಹೋಗುತ್ತಿತ್ತು. ಗ್ರಾಹಕ ಒಪ್ಪದೆ ಡೇಟಾ ಶುರು ಮಾಡಕೂಡದು, ಬೇಕಾದರೆ-ಬೇಡವಾದರೆ 1925ಕ್ಕೆ ತಿಳಿಸಬಹುದು, ಅರ್ಧ, ಶೇ 90 ಮತ್ತು ಪೂರ್ತಿ ಮುಗಿದಾಗ ಸಂದೇಶ ಕಳಿಸಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ನಿಯಮ ಮಾಡಿದ್ದು 2015ರಲ್ಲಿ.

ಗಡಿಯವರಿಗೆ ಇದರ ಮೇಲೆ ಇನ್ನೊಂದು ಗ್ರಹಚಾರ. ಉದಗೀರ, ನಿಲಂಗಾ ಎರಡೂ 1956ರ ನವೆಂಬರ್ 1ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು. ಅಂದಿನಿಂದ ನಕಾಶೆಯಲ್ಲಿ ಗೆರೆ ಆ ಕಡೆ, ಬೀಗರು ಈ ಕಡೆ. ಮೊಬೈಲ್ ಬಂದಾಗ ಸರ್ಕಾರವೂ ಅದೇ ಗೆರೆ ಹಿಡಿದು ಮಹಾರಾಷ್ಟ್ರ ಸರ್ಕಲ್, ಕರ್ನಾಟಕ ಸರ್ಕಲ್ ಮಾಡಿತು. ಉದಗೀರದಲ್ಲಿ ಬೀದರಿನ ರೈಲು ಹತ್ತಿದ ಕಾಕಾ ಕಮಲನಗರ ದಾಟುವ ಮೊದಲೇ ‘ಕರ್ನಾಟಕಕ್ಕೆ ಸ್ವಾಗತ’ ಎಂಬ ಸಂದೇಶ ಬರುತ್ತಿತ್ತು, ಹಿಂದೆಯೇ ರೋಮಿಂಗ್ ಕಡಿತ. ಗಡಿಯಂಚಿನ ಹೊಲದಲ್ಲಿ ಆಚೆ ಬದುವಿಗೆ ಹೋದರೆ ಒಂದು ರಾಜ್ಯ, ಈಚೆ ಬದುವಿಗೆ ಬಂದರೆ ಇನ್ನೊಂದು. ‘ಎಮ್ಮಿ ಹುಡ್ಕೊಂಡು ಹೋಗಿ ಹನ್ನೆರಡು ರೂಪಾಯಿ ಕಳ್ಕೊಂಡೆ’ ಎಂದು ಕಾಕಾ ಇಂದಿಗೂ ಹೇಳುತ್ತಾರೆ. ಎಮ್ಮೆ ಸಿಕ್ಕಿತೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ. 2017ರ ಹೊತ್ತಿಗೆ ದೊಡ್ಡ ಕಂಪನಿಗಳು ದೇಶದೊಳಗಿನ ರೋಮಿಂಗ್ ದರ ಕೈಬಿಟ್ಟವು. ಕಾಕಾ ಆ ಹನ್ನೆರಡು ರೂಪಾಯಿ ಕೈಬಿಟ್ಟಿಲ್ಲ.

ಹಾಗೆ ನೋಡಿದರೆ ಅಗ್ಗವೂ ಆಯಿತು. ಟ್ರಾಯ್ ಲೆಕ್ಕದಂತೆ 2014ರಲ್ಲಿ ಒಂದು ಜಿಬಿಗೆ ಸರಾಸರಿ 269 ರೂಪಾಯಿ ಇದ್ದದ್ದು 2018ಕ್ಕೆ 12 ರೂಪಾಯಿಯೊಳಗೆ ಬಂತು. ಆದರೆ ಅಗ್ಗವಾದ ಮಾತ್ರಕ್ಕೆ ಮುನೀಮನಿಗೆ ನೆಮ್ಮದಿಯಿಲ್ಲ. ತೊಗರಿ ಅಗ್ಗವಾಯಿತೆಂದು ಯಾರಾದರೂ ತೂಗದೆ ಕೊಡುತ್ತಾರೆಯೇ?

ಕಾಕಾ ಒಂದು ದಿನ ರೌಟರನ್ನು ಗೋಡೆಯಿಂದ ಕಳಚಿ, ಬೋರಲು ಹಾಕಿ, ಭೂತಗನ್ನಡಿ ಹಿಡಿದು ಏನನ್ನೋ ಹುಡುಕುತ್ತಿದ್ದರು. ‘ಏನ್ ನೋಡ್ಲಕತ್ತೀರಿ?’ ಎಂದು ಕಾಕಿ ಕೇಳಿದರು.

‘ಶಿಕ್ಕಾ.’

ಮೋಂಢಾದ ಪ್ರತಿ ತಕ್ಕಡಿಗೂ ಕಾನೂನು ಮಾಪನ ಇಲಾಖೆಯ ಮುದ್ರೆ ಇರಬೇಕು. 2009ರ ಕಾಯ್ದೆ ಅದು. ತಕ್ಕಡಿಯವನು ಮುದ್ರೆ ತೋರಿಸದಿದ್ದರೆ ರೈತ ಚೀಲ ಇಳಿಸುವುದಿಲ್ಲ. ಅಜ್ಜನ ಕಾಲದಲ್ಲಂತೂ ಪಾಯಲಿ ಮನೆಯದೇ ಇರುತ್ತಿತ್ತು. ಬೇರೆಯವರ ಪಾಯಲಿಯಲ್ಲಿ ಅಳೆಯಲು ಅಜ್ಜಿ ಬಿಡುತ್ತಿರಲಿಲ್ಲ. ಇಲ್ಲಿ ಮಾಲು ಕಂಪನಿಯದು, ತಕ್ಕಡಿ ಕಂಪನಿಯದು, ತೂಗುವವನೂ ಅವನೇ. ಕಾಕಾರ ಸಿಟ್ಟಿನ ಬೇರು ಇಲ್ಲಿದೆ, ಮತ್ತು ಈ ಒಂದು ಮಾತಿನಲ್ಲಿ ಅವರದು ಹುಚ್ಚಲ್ಲ. ಮೀಟರಿಂಗ್ ಮತ್ತು ಬಿಲ್ಲಿಂಗ್ ನಿಖರತೆಗೆ ಟ್ರಾಯ್ 2006ರಲ್ಲೇ ನಿಯಮಾವಳಿ ತಂದಿದೆ, 2023ರಲ್ಲಿ ಅದನ್ನು ಹೊಸದಾಗಿ ಬರೆದಿದೆ. ಕಂಪನಿಗಳು ಲೆಕ್ಕಪರಿಶೋಧಕರಿಂದ ತಮ್ಮ ವ್ಯವಸ್ಥೆಯನ್ನು ತಪಾಸಣೆ ಮಾಡಿಸಬೇಕು. ಆದರೆ ಆ ತಪಾಸಣೆ ದೂರದ ಕಚೇರಿಗಳಲ್ಲಿ ನಡೆಯುತ್ತದೆ. ಉದಗೀರದ ಮಾಳಿಗೆಯ ಮೇಲೆ ನಿಂತ ಮನುಷ್ಯನಿಗೆ ಕಾಣುವುದು ಒಂದು ಹಸಿರು ದೀಪ ಮಾತ್ರ. 1760ರ ಉದಗೀರ ಯುದ್ಧದಲ್ಲಿ ಸದಾಶಿವರಾವ್ ಭಾವೂ ನಿಜಾಮನಿಂದ ಎಷ್ಟು ಸೀಮೆ ಕಿತ್ತುಕೊಂಡನೆಂಬುದಕ್ಕೂ ಕಾಗದಪತ್ರ ಉಂಟು, ತನ್ನ ಎಂಟು ಜಿಬಿಗೆ ಇಲ್ಲ ಎಂಬುದು ಕಾಕಾರ ತಕರಾರು.

ಮೊಬೈಲಿನ ತಿಂಗಳಿಗೆ 28 ದಿನ ಎಂಬುದರ ಮೇಲೂ ಅವರದೊಂದು ವ್ಯಾಖ್ಯಾನವಿದೆ. 28ನ್ನು 13ರಿಂದ ಗುಣಿಸಿದರೆ 364. ಅಂದರೆ ವರ್ಷಕ್ಕೆ ಹದಿಮೂರು ರೀಚಾರ್ಜ್. ‘ನಮ್ಮ ಪಂಚಾಂಗದಾಗ ಅಧಿಕ ಮಾಸ ಎರಡೂವರಿ-ಮೂರು ವರ್ಷಕ್ಕೊಮ್ಮಿ ಬರ್ತದ. ಇವರದು ವರ್ಷಾ ವರ್ಷಾ ಬರ್ತದ!’ ಪ್ರತಿ ಕಂಪನಿಯೂ 30 ದಿನದ ಒಂದು ಯೋಜನೆಯನ್ನಾದರೂ ಇಡಲೇಬೇಕೆಂದು ಟ್ರಾಯ್ 2022ರಲ್ಲಿ ಆದೇಶಿಸಿತು. ಆ ಯೋಜನೆಯನ್ನು ಕೇಳಿ ಪಡೆದವರಲ್ಲಿ ಓಣಿಗೆ ಕಾಕಾರೇ ಮೊದಲಿಗರು.

ಇಷ್ಟೆಲ್ಲ ಜಾಗ್ರತೆಯ ನಡುವೆಯೂ ಮನೆಯ ಸಾವಿರ ಜಿಬಿ ಇಪ್ಪತ್ನಾಲ್ಕನೇ ತಾರೀಖಿಗೆ ಖಲಾಸ್ ಆಯಿತು. ವೇಗ 64 ಕೆಬಿಪಿಎಸ್‌ಗೆ ಇಳಿಯಿತು. ಸರ್ಕಾರದ ವ್ಯಾಖ್ಯೆಯಲ್ಲಿ 2023ರಿಂದ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಬೇಕು. 64ರಲ್ಲಿ ಮೂರು ಎಂಬಿಯ ಒಂದು ಫೋಟೊ ತೆರೆಯಲು ಆರು ನಿಮಿಷ. ಬೀಗರು ಕಳಿಸಿದ ಮೊಮ್ಮಗಳ ಫೋಟೊದಲ್ಲಿ ಮೊದಲು ತಲೆ ಬಂತು, ಕಾಕಿ ಹಾಲು ಕಾಸಿ ಬಂದ ಮೇಲೆ ಕಾಲು ಬಂತು. ಮಗ ಹೆಚ್ಚಿನ ಡೇಟಾಕ್ಕೆ ಟಾಪ್-ಅಪ್ ಹಾಕಿಸಿದ. ಕಾಕಾ ವಹಿಯಲ್ಲಿ ‘ದಂಡ’ ಎಂದು ಬರೆದರು.

ಆಮೇಲೆ ಅವರು ಸಹಾಯವಾಣಿಗೆ ಫೋನ್ ಹಚ್ಚಿದರು. ಇದು ನೋಡಬೇಕಾದ ದೃಶ್ಯ. ಕಾಕಾ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಂಪನಿಯೊಂದಿಗೆ ಹಿಂದಿ. ‘ಮೇರಾ ಜಿಬಿ ಕಹಾಂ ಗಯಾ’ ಎಂದು ಮರ್ಯಾದೆಯಿಂದಲೇ ಶುರುವಾಗುತ್ತದೆ. ಆ ಕಡೆಯ ಹುಡುಗಿ, ‘ಸರ್, ಸಿಸ್ಟಮ್ ಪ್ರಕಾರ ನೀವೇ ಬಳಸಿದ್ದೀರಿ’ ಎನ್ನುತ್ತಾಳೆ. ಮಾತು ಮರಾಠಿಗೆ ಹೊರಳುತ್ತದೆ. ಹುಡುಗಿ ಮತ್ತೆ ಸಿಸ್ಟಮ್ ಎನ್ನುತ್ತಾಳೆ. ಆಗ ಕಾಕಾ ಎದ್ದು ನಿಲ್ಲುತ್ತಾರೆ. ಸಿಟ್ಟಿಗೆ ಅವರ ಹತ್ತಿರ ಇರುವುದು ಒಂದೇ ಭಾಷೆ. ‘ನಿಮ್ಮ ಸಿಸ್ಟಮಿಗೆ ಹೊಟ್ಟಿ ಅದ ಏನವ್ವಾ, ಇಷ್ಟು ತಿನ್ಲಿಕ್ಕೆ?’ ಆ ಕಡೆ ಒಂದು ಕ್ಷಣ ಮೌನ. ನಂತರ ಕೊಳಲಿನ ಸಂಗೀತ.

ಕಳ್ಳ ಕೊನೆಗೂ ಸಿಕ್ಕಿದ್ದು ಮೊಬೈಲ್ ದುರಸ್ತಿ ಅಂಗಡಿಯ ಹುಡುಗನ ಕೈಗೆ. ಅವನು ರೌಟರಿನ ಪುಟ ತೆರೆದು, ಯಾವ ಯಾವ ಸಾಧನ ಸೇರಿಕೊಂಡಿವೆ ಎಂಬ ಪಟ್ಟಿ ತೋರಿಸಿದ. ಹದಿನೇಳು ಹೆಸರು. ಮನೆಯಲ್ಲಿ ಇದ್ದವರು ಐದು ಮಂದಿ. ಮಗಳ ನಿಶ್ಚಯದ ದಿನ ಬೀಗರಿಗೆ ಚಾ-ಫರಾಳದ ಜೊತೆ ಪಾಸ್‌ವರ್ಡನ್ನೂ ಕಾಕಾರೇ ಕೂಗಿ ಕೂಗಿ ಹಂಚಿದ್ದರು. ಬಾಜೂ ಮನೆಯವರು ಅಂದು ಬೂಂದಿ ಬಡಿಸಲು ಬಂದಿದ್ದರು. ಆದರೆ ಹುಡುಗ ಬೆರಳಿಟ್ಟದ್ದು ಅವರ ಮೇಲಲ್ಲ. ಪಟ್ಟಿಯ ಮೊದಲ ಎರಡು ಸಾಲುಗಳ ಮೇಲೆ.

ಅವು ಕ್ಯಾಮೆರಾಗಳು. ಗೋಡೆ ಪಕ್ಕ ನಿಂತು ವೈಫೈ ಕದಿಯುವವರನ್ನು ಹಿಡಿಯಲೆಂದು ಕಾಕಾರೇ ತರಿಸಿದವು. ಬಾಗಿಲಿಗೊಂದು, ಬೇವಿನ ಮರದ ಕಡೆಗೊಂದು. ಏನಾದರೂ ಅಲುಗಾಡಿದಾಗ ಮಾತ್ರ ಕಳಿಸುವ ಸೆಟ್ಟಿಂಗನ್ನು ಕಾಕಾ ಮೊದಲ ದಿನವೇ ತೆಗೆಸಿದ್ದರು. ಕಳ್ಳ ಅಲುಗಾಡದೆ ನಿಂತರೆ ಏನು ಗತಿ? ಹಾಗಾಗಿ ಎರಡೂ ಕ್ಯಾಮೆರಾ ಹಗಲಿರುಳು ಚಿತ್ರವನ್ನು ದೂರದ ಯಾವುದೋ ಸರ್ವರಿಗೆ ರವಾನಿಸುತ್ತಿದ್ದವು. ಹುಡುಗ ಚೀಟಿಯ ಮೇಲೆ ಲೆಕ್ಕ ಬಿಡಿಸಿದ. ಒಂದು ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಎಂಬಿಯ ಎಂಟನೇ ಒಂದು ಪಾಲು. ದಿನಕ್ಕೆ 86,400 ಸೆಕೆಂಡು. ಒಂದು ಕ್ಯಾಮೆರಾಕ್ಕೆ ದಿನಕ್ಕೆ 10.8 ಜಿಬಿ, ತಿಂಗಳಿಗೆ 324. ಎರಡಕ್ಕೆ 648.

‘ನಾವು ನೋಡೋದಕ್ಕ ಅಷ್ಟೇ ಅಲ್ಲ, ಕಳ್ಸೋದಕ್ಕೂ ಜಿಬಿ ಕಟ್ ಆಗ್ತಾವ ಕಾಕಾ.’

ಉಳಿದದ್ದು ಟಿವಿ. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿ, 4ಕೆಯಲ್ಲಿ 7 ಎಂಬುದು ನೆಟ್‌ಫ್ಲಿಕ್ಸ್‌ನವರೇ ಹೇಳುವ ಲೆಕ್ಕ. ಕಾಕಾರ ಮನೆಯಲ್ಲಿ ದಿನಕ್ಕೆ ಆರು ತಾಸು ಟಿವಿ ತಾನೇ ಒಂದಾದ ಮೇಲೊಂದು ಹಾಕಿಕೊಂಡು ಓಡುತ್ತಿತ್ತು, ಎದುರಿಗೆ ಕಾಕಾ ಗೊರಕೆ ಹೊಡೆಯುತ್ತಿದ್ದರು. ಅದು ತಿಂಗಳಿಗೆ 540. ರಾತ್ರಿ ಚಾರ್ಜಿಗೆ ಹಾಕಿದ ಫೋನುಗಳು ಫೋಟೊ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಎಂದು ಎರಡು ಜಿಬಿ ಎತ್ತುತ್ತಿದ್ದವು. ಜಾತ್ರೆಯ ದಿನ ಮನೆಯಲ್ಲಿ ಯಾರೂ ಇರಲಿಲ್ಲ, ನಿಜ. ಟಿವಿ ಆರಿಸಿದವರೂ ಯಾರೂ ಇರಲಿಲ್ಲ.

ಕಾಕಾ ಬಹಳ ಹೊತ್ತು ಸುಮ್ಮನೆ ಕೂತರು. ನಂತರ ವಹಿ ತೆರೆದು ‘ಕಂಪನಿ!!’ ಎಂಬಲ್ಲಿ ಒಂದು ಆಶ್ಚರ್ಯಸೂಚಕವನ್ನು ಹೊಡೆದುಹಾಕಿದರು. ಇನ್ನೊಂದನ್ನು ಹಾಗೇ ಬಿಟ್ಟರು.

ಅವರ ಹಾದಿಯಲ್ಲೇ ಇರುವ ಓದುಗರು ಇಷ್ಟು ಮಾಡಬಹುದು. ರೌಟರಿನ ಸಾಧನಗಳ ಪಟ್ಟಿ ನೋಡಿ, ಪಾಸ್‌ವರ್ಡ್ ಬದಲಿಸಿ, ಕ್ಯಾಮೆರಾವನ್ನು ಕಾರ್ಡಿನಲ್ಲೇ ಉಳಿಸುವಂತೆ ಸೆಟ್ ಮಾಡಿ, ಬ್ಯಾಕಪ್‌ಗೆ ಮಿತಿ ಹಾಕಿ. ಆಮೇಲೂ ಲೆಕ್ಕ ಕೂಡದಿದ್ದರೆ ದೂರು ಕೊಟ್ಟು ಡಾಕೆಟ್ ನಂಬರ್ ಬರೆದುಕೊಳ್ಳಿ. ಪರಿಹಾರ ಒಪ್ಪಿಗೆಯಾಗದಿದ್ದರೆ ಕಂಪನಿಯೊಳಗೇ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಒಬ್ಬೊಬ್ಬರ ದೂರನ್ನು ಟ್ರಾಯ್ ನೇರವಾಗಿ ವಿಚಾರಿಸುವುದಿಲ್ಲ.

ಕಾಕಾ ಇವನ್ನೆಲ್ಲ ಮಾಡಿದರು. ಮುಂದಿನ ತಿಂಗಳ ಕೊನೆಯ ರಾತ್ರಿ 386 ಜಿಬಿ ಉಳಿದಿತ್ತು. ಕಾಕಿಗೂ ಮೊಮ್ಮಗನಿಗೂ ತೋರಿಸಿ, ಪೇಢೆ ತಂದು ಹಂಚಿ, ಉಳಿತಾಯವೆಂದು ವಹಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಮಲಗಿದರು. ಮುಂಜಾನೆ ಎದ್ದು ನೋಡಿದರೆ ಖಾತೆಯಲ್ಲಿ ಬರೀ 1000. ಉಳಿದ ಡೇಟಾ ಮುಂದಿನ ತಿಂಗಳಿಗೆ ಸೇರುವ ಪದ್ಧತಿ ಅವರ ಯೋಜನೆಯಲ್ಲಿಲ್ಲ. ಕಾಕಾ ಈಗ ವಹಿಯಲ್ಲಿ ಆರನೇ ಖಾನೆ ಎಳೆದಿದ್ದಾರೆ. ಅದರ ಹೆಸರು ‘ಕಂಪನಿ ಕೊಡಬೇಕಾದ ಬಾಕಿ’. ಮೊದಲ ಸಾಲಿನಲ್ಲಿ 386 ಎಂದಿದೆ.