ಆಟಿಯ ಬೂಸ್ಟು

ಬಿ.ಸಿ. ರೋಡಿನಲ್ಲಿ ಬಸ್ಸಿಗೆ ಕಾಯುವಾಗ ಗೋಡೆ ನೋಡುವುದು ನನ್ನ ಚಟ. ಹರಿದ ಯಕ್ಷಗಾನದ ಪೋಸ್ಟರ್, ಅದರಡಿಯಲ್ಲಿ ಹೋದ ವರ್ಷದ ಕಂಬಳ, ಅದಕ್ಕೂ ಕೆಳಗೆ ಯಾವುದೋ ಚುನಾವಣೆಯ ಅರ್ಧ ಮೀಸೆ, ಎಲ್ಲದರ ಮೇಲೆ ಧಾರಾಳವಾಗಿ ಎಲೆಅಡಿಕೆಯ ಉಗುಳು. ಅಮೂರ್ತ ಚಿತ್ರ ಬರೆಯುವ ಗೆಳೆಯನಿಗೆ ತೋರಿಸಿದೆ. "ಮಿಕ್ಸೆಡ್ ಮೀಡಿಯಾ ಮಾರಾಯ!" ಎಂದು ಕಣ್ಣರಳಿಸಿದ. ಉಗಿದವನು ಆಗಲೇ ಧರ್ಮಸ್ಥಳದ ಬಸ್ಸು ಹತ್ತಿ ಹೋಗಿದ್ದ.

ಇಷ್ಟು ಸುಲಭವೆಂದರೆ ನನಗೇಕೆ ಆಗಬಾರದು? ಮುರಕಲ್ಲಿನ ಪುಡಿ, ಹಳೆಯ ಪಂಚಾಂಗದ ಪುಟ, ಅಡಿಕೆ ಹಾಳೆ, ಅಂಟು ಎಲ್ಲವನ್ನೂ ಒಟ್ಟುಮಾಡಿದೆ. ಹಾಳೆಯನ್ನು ನೆನೆಸಿ, ಕ್ಯಾನ್ವಾಸಿಗೆ ಅಂಟಿಸಿ, ಮೇಲೆ ಅರೆಯುವ ಕಲ್ಲು ಹೇರಿದೆ. ಮರುದಿನ ಕಲ್ಲು ತೆಗೆದಾಗ ಚಪ್ಪಟೆಯಾಗಿಯೇ ಇತ್ತು. ಸಂಜೆಗೆ ಒಣಗಿ, ಸುರುಳಿ ಸುತ್ತಿ, ಪಂಚಾಂಗದ ಅರ್ಧ ಶ್ರಾವಣವನ್ನೂ ಕಿತ್ತುಕೊಂಡು ಎದ್ದು ಕೂತಿತ್ತು. "ಬೀಸಣಿಗೆ ಮಾಡಿದ್ದರೆ ಸೆಕೆಗಾದರೂ ಆಗುತ್ತಿತ್ತು," ಎಂದಳು ಹೆಂಡತಿ.

ಗೆಳೆಯನ ಕ್ರಮವೇ ಬೇರೆ. ಎರಡು ದಿನ ಮೆತ್ತುತ್ತಾನೆ, ಒಂದು ವಾರ ಚಿತ್ರವನ್ನು ಗೋಡೆಗೆ ಮುಖಮಾಡಿ ನಿಲ್ಲಿಸುತ್ತಾನೆ, ಆಮೇಲೆ ಮೆತ್ತಿದ್ದರಲ್ಲಿ ಅರ್ಧ ಕೆರೆದು ತೆಗೆಯುತ್ತಾನೆ. ಹಾಕುವುದು ಯಾರಿಗೂ ಬರುತ್ತದೆ, ಕೈ ತೆಗೆಯುವುದೇ ಕಷ್ಟ ಎನ್ನುತ್ತಾನೆ.

1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚಾಗಿದ್ದ ಎಣ್ಣೆಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗ ಬಿಗಿದದ್ದು ದೊಡ್ಡ ಸುದ್ದಿ. ನಾಗಾರಾಧನೆಗೆ ಪುಡಿಯಲ್ಲಿ ಚಿತ್ರ ಬರೆಯುವ ನಮ್ಮ ನಾಗಮಂಡಲದವರಿಗೆ ಇದೇನು ಹೊಸತೇ? ಹಳದಿಗೆ ಅರಸಿನ, ಅದಕ್ಕೇ ಸುಣ್ಣ ಸೇರಿದರೆ ಕೆಂಪು, ಹಸುರಿಗೆ ಸೊಪ್ಪಿನ ಪುಡಿ, ಕಪ್ಪಿಗೆ ಸುಟ್ಟ ಉಮಿ. ಬೆರಳ ಸಂದಿಯಿಂದ ಪುಡಿ ಜಾರುತ್ತಾ ನೆಲದ ಮೇಲೆ ನಾಗನ ಗಂಟುಗಳು ಬಿಚ್ಚಿಕೊಳ್ಳುತ್ತವೆ. ಅದರ ಮೇಲೆ ಹಿಂಗಾರದ ಹೂವು ಉದುರುತ್ತದೆ, ಮಂಡಲದ ಸುತ್ತ ಕುಣಿಯುವ ವೈದ್ಯರ ಡಕ್ಕೆ ನುಡಿಯುತ್ತದೆ. ಅಷ್ಟು ನಾಜೂಕಿನ ಚಿತ್ರ ಬೆಳಗಾಗುವುದರೊಳಗೆ ಕುಣಿದ ಕಾಲುಗಳಡಿ ಒಂದೇ ಬಣ್ಣವಾಗಿರುತ್ತದೆ. ಮೂಡುಬಿದಿರೆಯವರು 1430ರ ಸಾವಿರ ಕಂಬದ ಬಸದಿಯನ್ನು ಇವತ್ತಿಗೂ ಕಾಯ್ದುಕೊಂಡಿದ್ದಾರೆ. ಅದೇ ಸೀಮೆಯ ಜನ ಬರೆದದ್ದನ್ನು ಒಂದೇ ರಾತ್ರಿಯಲ್ಲಿ ಅಳಿಸಿಯೂ ಬಿಡುತ್ತಾರೆ.

ಉಡುಪಿ ಬಳಿಯ ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರು ಲಯ ತಿಳಿಯಬೇಕೆಂದು ಕಥಕ್ ಕಲಿತರಂತೆ. ಅವರ ಗೆರೆ ಕುಣಿಯುತ್ತದೆ. ನನ್ನದು ಸುರುಳಿ ಸುತ್ತುತ್ತದೆ, ಅಷ್ಟೇ ವ್ಯತ್ಯಾಸ.

ಸೋತು ಅಟ್ಟಕ್ಕೆ ಎಸೆದೆ. ಆಟಿ ತಿಂಗಳ ಮಳೆ ಬಂತು. ತಿಂಗಳು ಕಳೆದು ಇಳಿಸಿದರೆ, ತೇವಕ್ಕೆ ಹಾಳೆ ಮೆತ್ತಗಾಗಿ ಒರಗಿತ್ತು. ಮುರಕಲ್ಲಿನ ಕೆಂಪಿನ ಮೇಲೆ ಬೂದುಹಸಿರು ಬೂಸ್ಟು ಉಂಗುರ ಉಂಗುರವಾಗಿ ಹಬ್ಬಿತ್ತು. ಒರೆಸಲು ಹೊರಟವನ ಕೈಯನ್ನು ಗೆಳೆಯ ಹಿಡಿದ. "ಮುಟ್ಟಬೇಡ. ಈಗ ಮುಗಿಯಿತು."

ಜಗಲಿಯಲ್ಲಿಟ್ಟು ಅವನನ್ನು ಬಸ್ಸು ಹತ್ತಿಸಿ ಬಂದೆ. ಅಷ್ಟರಲ್ಲಿ ಹೆಂಡತಿ ಒದ್ದೆ ಬಟ್ಟೆ ಹಿಡಿದು ಎಲ್ಲವನ್ನೂ ಒಂದೇ ಬಣ್ಣ ಮಾಡಿಟ್ಟಿದ್ದಳು. ಡಕ್ಕೆಯೊಂದು ಇರಲಿಲ್ಲ.